ಗಾಯಗೊಂಡವರನ್ನು ಮತ್ತೆ ಮೈದಾನಕ್ಕೆ ಇಳಿಸುವ ಮುನ್ನ: ಕ್ರೀಡಾಕೂಟ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಘಟಕರೇ, ತರಬೇತುದಾರರೇ, ದೈಹಿಕ ಶಿಕ್ಷಣ ಶಿಕ್ಷಕರೇ,

ನಿಮ್ಮ ಕೂಟಗಳಲ್ಲಿ ಕಾಲು ಉಳುಕಿಸಿಕೊಂಡವರು, ಮಂಡಿ ತಿರುಚಿಕೊಂಡವರು, ತಲೆಗೆ ಪೆಟ್ಟು ತಿಂದವರು ಕೆಲವು ದಿನ ಬಿಟ್ಟು ನನ್ನಂಥವರ ಬಳಿ ಬರುತ್ತಾರೆ. ನಾನು ಫಿಸಿಯೋಥೆರಪಿಸ್ಟ್. ಪೆಟ್ಟಾದ ತಕ್ಷಣ ಏನು ಮಾಡಿದರು ಅಂತ ಕೇಳಿದರೆ ಹೆಚ್ಚಿನವರದು ಒಂದೇ ಮಾತು: "ಸ್ಪ್ರೇ ಹೊಡೆದರು, ಬ್ಯಾಂಡೇಜ್ ಸುತ್ತಿದರು, ಆಡಿದೆ." ಮುಟ್ಟಿ ನೋಡಿದವರು ಯಾರು ಅಂದರೆ ಮಾತ್ರ ಸುಮ್ಮನಾಗುತ್ತಾರೆ, ಯಾಕೆಂದರೆ ಯಾರೂ ನೋಡಿರುವುದಿಲ್ಲ. ಸ್ಪ್ರೇ ಡಬ್ಬಿ ಹಿಡಿದು ಓಡಿಬಂದವರೇ ಆಡು ಅಂದವರು. ಅವರೇ ಗೆಲ್ಲಲೇಬೇಕು ಅಂತ ಬೆಳಗ್ಗಿನಿಂದ ಕೂಗುತ್ತಿದ್ದವರು.

ಈ ಪತ್ರ ಆ ಐದು ನಿಮಿಷದ ಬಗ್ಗೆ. ಆಟಗಾರ ನೆಲಕ್ಕೆ ಬಿದ್ದು, ಆಟ ನಿಂತು, ಮತ್ತೆ ಶುರುವಾಗುವ ನಡುವಿನ ಹೊತ್ತು. ಅಲ್ಲಿ ತೀರ್ಮಾನ ಹೇಳುವವರು ಪಂದ್ಯದ ಸೋಲು-ಗೆಲುವಿನಲ್ಲಿ ಪಾಲಿಲ್ಲದವರಾಗಿರಬೇಕು, ಮತ್ತು ಅವರಿಗೆ ಗಾಯ ಪರೀಕ್ಷಿಸಲು ಬರಬೇಕು. ನನ್ನ ಬೇಡಿಕೆ ಇಷ್ಟೇ. ಯಾಕೆ ಅನ್ನುವುದಕ್ಕೆ ಸ್ವಲ್ಪ ವಿವರ ಬೇಕಾಗುತ್ತದೆ, ತಾಳ್ಮೆಯಿಂದ ಓದಿ.

ಸ್ಪ್ರೇ ವಿಷಯ ಮೊದಲು ಮುಗಿಸಿಬಿಡೋಣ. ಅದು ಚರ್ಮವನ್ನು ತಣ್ಣಗೆ ಮಾಡಿ ಕೆಲ ನಿಮಿಷ ನೋವು ಮರೆಸುತ್ತದೆ. ಒಳಗೆ ಹರಿದ ಲಿಗಮೆಂಟಿಗಾಗಲಿ (ಮೂಳೆಗೆ ಮೂಳೆ ಬಿಗಿದಿಡುವ ಪಟ್ಟಿ) ಬಿರುಕು ಬಿಟ್ಟ ಮೂಳೆಗಾಗಲಿ ಅದರಿಂದ ಏನೂ ಆಗುವುದಿಲ್ಲ. ಚೆಂಡು ಬಡಿದು ತೊಡೆ ಚುರುಗುಟ್ಟುತ್ತಿದ್ದರೆ ಹೊಡೆಯಿರಿ, ನನ್ನ ತಕರಾರಿಲ್ಲ. ಆದರೆ ಪರೀಕ್ಷೆಗೆ ಮೊದಲೇ ಹೊಡೆದರೆ, ಎಲ್ಲಿ ಒತ್ತಿದರೆ ನೋಯುತ್ತದೆ ಎಂಬ ಸುಳಿವೇ ಮಸುಕಾಗುತ್ತದೆ. ನಮಗೆ ಬೇಕಾದದ್ದು ಆ ಸುಳಿವು.

ಅದು ಎಷ್ಟು ಬೇಕು ಅನ್ನುವುದಕ್ಕೆ ಪಾದದ ಗಂಟನ್ನೇ ನೋಡಿ. ಆಟದಲ್ಲಿ ಇದಕ್ಕಿಂತ ಸಾಮಾನ್ಯವಾದ ಗಾಯಗಳು ಕಡಿಮೆ. ಹಾರಿ ಇಳಿಯುವಾಗ ಇನ್ನೊಬ್ಬರ ಪಾದದ ಮೇಲೆ ಕಾಲು ಬೀಳುತ್ತದೆ, ಅಥವಾ ಓಡುತ್ತಾ ತಿರುಗುವಾಗ ಪಾದ ಒಳಮುಖವಾಗಿ ಮಗುಚುತ್ತದೆ. ಎಳೆತವೆಲ್ಲ ಹೊರಮಗ್ಗುಲಿನ ಲಿಗಮೆಂಟುಗಳ ಮೇಲೆ. ಗಂಟಿನ ಮುಂಭಾಗದಲ್ಲಿ, ಹೊರಗಡೆಗೆ ಇರುವ ಲಿಗಮೆಂಟು ಸಾಮಾನ್ಯವಾಗಿ ಮೊದಲು ಸೋಲುತ್ತದೆ. ಬರೀ ಹಿಗ್ಗಿದ್ದರೆ ಮೊದಲ ದರ್ಜೆ, ಅರ್ಧಂಬರ್ಧ ಹರಿದಿದ್ದರೆ ಎರಡನೆಯದು, ಪೂರ್ತಿ ತುಂಡಾಗಿದ್ದರೆ ಮೂರನೆಯದು. ಊತ ನೋಡಿದ ತಕ್ಷಣ ದರ್ಜೆ ಹೇಳುವವರನ್ನು ಅಷ್ಟಾಗಿ ನಂಬಬೇಡಿ. ನೋವು, ಊತ ತುಸು ಇಳಿದ ಮೇಲೆ, ನಾಲ್ಕೈದನೆಯ ದಿನ ಮಾಡುವ ಪರೀಕ್ಷೆ ಮೊದಲ ದಿನದ್ದಕ್ಕಿಂತ ನಿಖರ.

ಮೊದಲ ದಿನ ತಿಳಿಯಬೇಕಾದದ್ದು ಬೇರೆ: ಮೂಳೆ ಮುರಿದಿದೆಯೇ? ಇದಕ್ಕೆ ಕೆನಡಾದ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಒಂದು ಸರಳ ದಾರಿ ತೋರಿಸಿದರು. ಒಟ್ಟಾವಾ ನಿಯಮ ಅಂತ ಅದಕ್ಕೆ ಹೆಸರು. ಶೂ, ಕಾಲುಚೀಲ ಎರಡೂ ಬಿಚ್ಚಿಸಿ. ನೋಯದ ಕಾಲನ್ನೂ ಬಿಚ್ಚಿಸಿ, ಹೋಲಿಸಿ ನೋಡಲು ಬೇಕು. ಹೊರಗಂಟಿನ ಮೂಳೆಯ ತುದಿಯಿಂದ ಶುರುಮಾಡಿ ಅದರ ಹಿಂಬದಿಯ ಅಂಚಿನ ಗುಂಟ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಬೆರಳಿನಿಂದ ಒತ್ತುತ್ತಾ ಹೋಗಿ. ಒಳಗಂಟಿನಲ್ಲೂ ಹಾಗೆಯೇ. ಆಮೇಲೆ ಪಾದದ ಹೊರ ಅಂಚಿನ ನಡುವೆ ಉಬ್ಬಿಕೊಂಡಿರುವ ಮೂಳೆ, ಅಂದರೆ ಕಿರುಬೆರಳಿನ ಸಾಲಿನ ಬುಡ. ಕೊನೆಗೆ ಒಳಮಗ್ಗುಲಲ್ಲಿ ಪಾದದ ಕಮಾನಿನ ಮೇಲಿರುವ ದೋಣಿಯಾಕಾರದ ಮೂಳೆ. ಈ ಜಾಗಗಳಲ್ಲಿ ಮೂಳೆಯನ್ನೇ ಒತ್ತಿದಾಗ ನೋವಾದರೆ, ಇಲ್ಲವೇ ಪೆಟ್ಟಾದಾಗಲೂ ಪರೀಕ್ಷೆಯ ಹೊತ್ತಿಗೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು. ಕುಂಟುತ್ತಾ ಇಟ್ಟ ಹೆಜ್ಜೆಯೂ ಹೆಜ್ಜೆಯೇ. ಇದ್ಯಾವುದೂ ಇಲ್ಲದಿದ್ದರೆ ದೊಡ್ಡ ಮುರಿತ ಇರುವ ಸಾಧ್ಯತೆ ತೀರಾ ಕಡಿಮೆ. ಮೈಮೇಲೆ ಅರಿವಿಲ್ಲದವರಿಗೆ, ಪಾದದಲ್ಲಿ ಸ್ಪರ್ಶ ಕುಂದಿದವರಿಗೆ, ಪುಟ್ಟ ಮಕ್ಕಳಿಗೆ ಇದನ್ನು ನೆಚ್ಚಿ ಕೂರಬಾರದು. ಉಳಿದವರಿಗೆ ಎರಡು ನಿಮಿಷದ ಕೆಲಸ. ಇದನ್ನು ಕಲಿತ ಒಬ್ಬರು ಮೈದಾನದಲ್ಲಿದ್ದರೆ ಅನಗತ್ಯ ಎಕ್ಸ್‌ರೇಯೂ ತಪ್ಪುತ್ತದೆ, ಮುರಿದ ಕಾಲಿನಲ್ಲಿ ಓಡಿಸುವುದೂ ತಪ್ಪುತ್ತದೆ.

ಮುರಿದಿಲ್ಲ ಅಂತಾದರೆ ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿಸಿ ಮಲಗಿಸುವ ಕಾಲ ಹೋಯಿತು. ಬ್ರೇಸ್ ಅಥವಾ ಟೇಪಿನ ಆಸರೆ, ನೋವು ತಾಳುವಷ್ಟು ಭಾರ ಹಾಕಿ ನಡಿಗೆ, ಬೇಗನೆ ಶುರುಮಾಡಿದ ವ್ಯಾಯಾಮ. ಎಲ್ಲಕ್ಕಿಂತ ಹೆಚ್ಚಾಗಿ ಒಂಟಿಕಾಲಿನ ಸಮತೋಲನ. ಇದನ್ನು ಮಾತ್ರ ಯಾರೂ ಮಾಡುವುದಿಲ್ಲ! ನೋವು ಹೋಯಿತು, ಊತ ಇಳಿಯಿತು, ಮೈದಾನಕ್ಕೆ ಹೊರಟರು. ಗಂಟು ಯಾವ ಕೋನದಲ್ಲಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯೂ ಲಿಗಮೆಂಟಿನ ಜೊತೆಗೆ ಕೆಟ್ಟಿರುತ್ತದೆ; ಅದು ತಾನಾಗಿ ಸರಿಹೋಗುವುದು ಅಪರೂಪ. ಅದಕ್ಕೇ ಒಮ್ಮೆ ಉಳುಕಿದ ಗಂಟು ಮತ್ತೆ ಮತ್ತೆ ಉಳುಕುತ್ತದೆ, ಕೊನೆಗೆ ಸಮತಟ್ಟಾದ ನೆಲದಲ್ಲೂ ಮಗುಚುತ್ತದೆ.

ಮಂಡಿಯ ವಿಷಯಕ್ಕೆ ಬಂದರೆ, ನೀವು ಕಿವಿಗೊಡಬೇಕಾದದ್ದು ಆಟಗಾರರ ಮಾತಿಗೆ. ಯಾರೂ ತಾಗಿಲ್ಲ, ಓಡುತ್ತಿದ್ದವರು ಗಕ್ಕನೆ ನಿಂತು ತಿರುಗಿದರು, ಒಳಗೆ ಟಪ್ ಅಂದಿತು, ಮಂಡಿ ಜಾರಿದಂತಾಯಿತು, ಒಂದೆರಡು ಗಂಟೆಯೊಳಗೆ ಊದಿಕೊಂಡಿತು. ಇಷ್ಟು ಕೇಳಿದರೆ ಎಸಿಎಲ್, ಅಂದರೆ ಮಂಡಿಯನ್ನು ಒಳಗಿನಿಂದ ಬಿಗಿಹಿಡಿಯುವ ಮುಖ್ಯ ಲಿಗಮೆಂಟು, ಹರಿದಿದೆ ಅಂತಲೇ ಶಂಕಿಸಬೇಕು. ಬೇಗ ಬಂದ ಊತ ಅಂದರೆ ಕೀಲಿನೊಳಗೆ ರಕ್ತ ತುಂಬಿದೆ ಎಂದರ್ಥ. ಮರುದಿನ ನಿಧಾನಕ್ಕೆ ಬರುವ ಊತ, ಮಂಡಿ ಮಡಚಿ ಬಿಡಿಸುವಾಗ ನಡುವೆ ಸಿಕ್ಕಿಹಾಕಿಕೊಳ್ಳುವುದು, ಕೀಲಿನ ಗೆರೆಯ ಮೇಲೆ ಒತ್ತಿದರೆ ನೋವು, ಇವು ಮಿನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಕಡೆ ಬೆರಳು ತೋರುತ್ತವೆ. ಮಂಡಿಯನ್ನು 20ರಿಂದ 30 ಡಿಗ್ರಿ ಮಡಚಿ, ತೊಡೆಯನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಮಂಡಿಯ ಕೆಳಗಿನ ಕಾಲನ್ನು ಮುಂದಕ್ಕೆ ಎಳೆದು ನೋಡುವ ಲ್ಯಾಕ್‌ಮನ್ ಪರೀಕ್ಷೆ ಬಲ್ಲವರ ಕೈಯಲ್ಲಿ ಬಹಳ ಹೇಳುತ್ತದೆ. ಎಂಆರ್‌ಐ ಆ ಶಂಕೆಯನ್ನು ಖಚಿತಪಡಿಸಲು, ಜೊತೆಗೆ ಬೇರೇನು ಹರಿದಿದೆ ಎಂದು ನೋಡಲು.

ಎಸಿಎಲ್ ಹರಿದರೆ ತಕ್ಷಣ ಆಪರೇಷನ್, ಇಲ್ಲವೇ ಆಟ ಮುಗಿದಂತೆ ಎಂದು ಹೆತ್ತವರನ್ನು ಹೆದರಿಸುವುದನ್ನೂ ದಯವಿಟ್ಟು ಬಿಡಿ. ಸ್ವೀಡನ್ನಿನಲ್ಲಿ 121 ಮಂದಿ ಚಟುವಟಿಕೆಯ ಯುವಜನರ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ, ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಶಸ್ತ್ರಚಿಕಿತ್ಸೆ. ಎರಡು ವರ್ಷದ ಹೊತ್ತಿಗೆ ಎರಡೂ ಗುಂಪುಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡನೆಯ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ಶಸ್ತ್ರಚಿಕಿತ್ಸೆಗೆ ಹೋಗಿಯೇ ಇರಲಿಲ್ಲ. ಅದರಲ್ಲಿ ವೃತ್ತಿಪರ ಆಟಗಾರರು ಇರಲಿಲ್ಲ ಎಂಬುದನ್ನೂ ಹೇಳಬೇಕು. ತಿರುಗುವ, ಜಿಗಿಯುವ ಆಟಕ್ಕೆ ಮರಳಬೇಕೆನ್ನುವ ಹರೆಯದವರಿಗೆ ಶಸ್ತ್ರಚಿಕಿತ್ಸೆ ಸೂಕ್ತವಾಗುವುದು ಹೆಚ್ಚು. ಆದರೆ ಅದು ವೈದ್ಯರ ಜೊತೆ ಕೂತು ಮಾಡಬೇಕಾದ ತೀರ್ಮಾನ, ಮೈದಾನದ ಅಂಚಿನಲ್ಲಿ ನಿಂತು ಹೇಳುವುದಲ್ಲ.

ಇನ್ನೊಂದು ಗಾಯ ಮೋಸ ಮಾಡುವ ರೀತಿ ವಿಚಿತ್ರ. ಓಟ ಶುರುಮಾಡಿದವರು ಹಿಮ್ಮಡಿಯ ಹಿಂದೆ ಯಾರೋ ಒದ್ದರು ಅಂತ ತಿರುಗಿ ನೋಡುತ್ತಾರೆ. ಹಿಂದೆ ಯಾರೂ ಇರುವುದಿಲ್ಲ. ಅಕಿಲಿಸ್ ಟೆಂಡನ್, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ದಪ್ಪ ನಾರು, ತುಂಡಾಗಿರುತ್ತದೆ. ಪಾದ ಕೆಳಕ್ಕೆ ಒತ್ತಿ ಅಂದರೆ ಒತ್ತುತ್ತಾರೆ, ಯಾಕೆಂದರೆ ಬೇರೆ ಟೆಂಡನ್‌ಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತವೆ. ನೋಡಿದವರು ಉಳುಕು ಅಂದುಕೊಳ್ಳುತ್ತಾರೆ. ಬೋರಲು ಮಲಗಿಸಿ, ಪಾದ ಬೆಂಚಿನಿಂದ ಹೊರಗೆ ಇಳಿಬೀಳುವಂತೆ ಮಾಡಿ, ಮೀನಖಂಡವನ್ನು ಅಂಗೈಯಲ್ಲಿ ಹಿಡಿದು ಹಿಂಡಿ. ಸರಿಯಿರುವ ಕಾಲಿನಲ್ಲಿ ಪಾದ ತಾನಾಗಿ ಕೆಳಕ್ಕೆ ಬಾಗುತ್ತದೆ. ತುಂಡಾದ ಕಾಲಿನಲ್ಲಿ ಅಲುಗುವುದಿಲ್ಲ. ಯಂತ್ರ ಬೇಡ, ಖರ್ಚಿಲ್ಲ. ಬೇಗ ಗೊತ್ತಾದರೆ ಶಸ್ತ್ರಚಿಕಿತ್ಸೆ ಇಲ್ಲದೆ ವೈದ್ಯಕೀಯ ಬೂಟು ಹಾಕಿ ಕೂಡಿಸುವ ದಾರಿಯೂ ತೆರೆದಿರುತ್ತದೆ. ವಾರಗಟ್ಟಲೆ ತಡವಾದರೆ ಕಷ್ಟ.

ಕೈಬೆರಳಿನ ಗಾಯಗಳನ್ನು ನೀವು ಗಾಯವೆಂದೇ ಲೆಕ್ಕಿಸುವುದಿಲ್ಲ. ಚೆಂಡು ಬೆರಳ ತುದಿಗೆ ಬಡಿದು ಕೊನೆಯ ಗೆಣ್ಣು ಜೋತುಬಿದ್ದು, ನೇರ ಮಾಡಲು ಬಾರದಿದ್ದರೆ ಅದನ್ನು ನೇರವಾಗಿಯೇ ಪಟ್ಟಿ ಕಟ್ಟಿ ಆರರಿಂದ ಎಂಟು ವಾರ ಇಡಬೇಕು. ನಡುವೆ ಒಮ್ಮೆ ಬಾಗಲು ಬಿಟ್ಟರೂ ಲೆಕ್ಕ ಮತ್ತೆ ಮೊದಲಿನಿಂದ. ಅಂಗೈ ಊರಿ ಬಿದ್ದವರ ಹೆಬ್ಬೆರಳಿನ ಬುಡದಲ್ಲಿ, ಹೆಬ್ಬೆರಳು ಎತ್ತಿದಾಗ ಕಾಣುವ ಗುಳಿಯಲ್ಲಿ ಒತ್ತಿದರೆ ನೋವಿದ್ದರೆ ಸ್ಕ್ಯಾಫಾಯ್ಡ್ ಎಂಬ ಮಣಿಕಟ್ಟಿನ ಮೂಳೆಯ ಮುರಿತವೇ ಅಂತ ತಿಳಿದು ನಡೆಯಿರಿ. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೆ ಇರಬಹುದು. ಕಟ್ಟು ಹಾಕಿಸಿ ಹತ್ತು-ಹದಿನಾಲ್ಕು ದಿನದ ಮೇಲೆ ಮತ್ತೆ ತೆಗೆಸಬೇಕು, ಇಲ್ಲವೇ ಎಂಆರ್‌ಐ. ಆ ಪುಟ್ಟ ಮೂಳೆಗೆ ರಕ್ತ ಹರಿಯುವುದು ಹೆಚ್ಚಾಗಿ ತುದಿಯ ಕಡೆಯಿಂದ. ನಡುವೆ ಮುರಿದರೆ ಬುಡದ ತುಂಡು ರಕ್ತವಿಲ್ಲದೆ ಸಾಯುವ ಅಪಾಯವಿದೆ.

ಭುಜ ಜಾರಿದರೆ ಎಳೆದು ಕೂರಿಸುವ ಸಾಹಸ ಬೇಡವೇ ಬೇಡ. ಜೋಲಿ ಕಟ್ಟಿ, ಭುಜದ ಹೊರಮಗ್ಗುಲಿನ ಚರ್ಮ ಮುಟ್ಟಿದರೆ ಗೊತ್ತಾಗುತ್ತದೆಯೇ, ಬೆರಳು ಆಡುತ್ತವೆಯೇ ಎಂದು ನೋಡಿ ಆಸ್ಪತ್ರೆಗೆ ಕಳಿಸಿ.

ಈಗ ತಲೆಯ ವಿಷಯ. ಇಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ಪ್ರಜ್ಞೆ ತಪ್ಪಿಲ್ಲ, ಹಾಗಾಗಿ ಏನೂ ಆಗಿಲ್ಲ ಅನ್ನುವುದು ನಾನು ಕೇಳುವ ಅತಿ ಅಪಾಯದ ಮಾತು. ಕನ್ಕಷನ್ (ಪೆಟ್ಟಿನ ರಭಸಕ್ಕೆ ಮಿದುಳಿನ ಕೆಲಸ ಏರುಪೇರಾಗುವುದು) ಆದವರಲ್ಲಿ ಬಹುಪಾಲು ಜನರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆಗೇ ಪೆಟ್ಟು ಬೀಳಬೇಕೆಂದೂ ಇಲ್ಲ. ಎದೆಗೆ ಗುದ್ದಿದ ರಭಸಕ್ಕೆ ತಲೆ ಝಾಡಿಸಿದರೂ ಸಾಕು. ತಲೆನೋವು, ಮಂಕು, ತೂರಾಟ, ವಾಕರಿಕೆ, ಬೆಳಕು-ಸದ್ದು ತಾಳದಿರುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಕಾರಣವಿಲ್ಲದೆ ಅಳುವುದು. ಇದರಲ್ಲಿ ಒಂದು ಕಂಡರೂ ಆ ದಿನದ ಆಟ ಅಲ್ಲಿಗೆ ಮುಗಿಯಿತು. ಸಿಟಿ ಸ್ಕ್ಯಾನ್ ಸರಿಯಿದೆ ಅನ್ನುವುದು ಉತ್ತರವಲ್ಲ. ಅದು ರಕ್ತಸ್ರಾವ, ಮುರಿತ ಇದೆಯೇ ಎಂದು ನೋಡುತ್ತದೆ. ಕನ್ಕಷನ್ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ.

ಮೈದಾನದಲ್ಲಿ ಕೇಳಲು ಮ್ಯಾಡಕ್ಸ್ ಪ್ರಶ್ನೆಗಳು ಅಂತ ಇವೆ. ಇದು ಯಾವ ಮೈದಾನ? ಈಗ ಎಷ್ಟನೆಯ ಅರ್ಧ? ಕೊನೆಯ ಅಂಕ ಯಾರದು? ಹಿಂದಿನ ಪಂದ್ಯ ಯಾರ ವಿರುದ್ಧ ಆಡಿದಿರಿ? ಗೆದ್ದಿರಾ? ಒಂದು ತಪ್ಪಿದರೂ ಹೊರಗೆ. ಎಲ್ಲ ಸರಿ ಹೇಳಿದರೆ ಒಳಗೆ ಬಿಡಬಹುದು ಅಂತ ಮಾತ್ರ ತಿಳಿಯಬೇಡಿ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟಿನಲ್ಲಿ ಜೋಫ್ರಾ ಆರ್ಚರ್ ಎಸೆತ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಸ್ಮಿತ್ ಅದೇ ದಿನ ಮತ್ತೆ ಬ್ಯಾಟಿಂಗಿಗೆ ಬಂದರು. ಮರುದಿನ ಬೆಳಗ್ಗೆ ಲಕ್ಷಣಗಳು ಕಾಣಿಸಿಕೊಂಡು ಪಂದ್ಯದಿಂದ ಹೊರಗುಳಿದರು, ಮಾರ್ನಸ್ ಲಬುಶೇನ್ ಬದಲಿಯಾಗಿ ಇಳಿದರು. ತಂಡದ ವೈದ್ಯರು, ಸಲಕರಣೆ ಎಲ್ಲ ಇದ್ದ ಕಡೆಯೇ ಲಕ್ಷಣ ತಡವಾಗಿ ಬಂತು ಅಂದಮೇಲೆ, ನೀರಿನ ಬಾಟಲಿ ಬಿಟ್ಟರೆ ಬೇರೇನೂ ಇಲ್ಲದ ಮೈದಾನದಲ್ಲಿ ಅನುಮಾನ ಬಂದರೆ ಕೂರಿಸುವುದೇ ಸರಿ.

ಪದೇಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಎರಡೆರಡು ಕಾಣುವುದು, ಕೈಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಕುತ್ತಿಗೆ ನೋವು, ಮಂಪರು ಹೆಚ್ಚುವುದು: ಇವಿದ್ದರೆ ತಡಮಾಡದೆ ಆಸ್ಪತ್ರೆ. ಕುತ್ತಿಗೆಗೆ ಪೆಟ್ಟಾದ ಶಂಕೆ ಇದ್ದರೆ ಎತ್ತಿ ಕೂರಿಸಬೇಡಿ, ಅಲುಗಿಸಬೇಡಿ. ಇಲ್ಲದಿದ್ದರೆ ಒಂದೆರಡು ದಿನ ಆರಾಮ, ಮೊಬೈಲು-ಟಿವಿ ಕಡಿಮೆ, ಮನೆಯೊಳಗಿನ ಓಡಾಟಕ್ಕೆ ಅಡ್ಡಿಯಿಲ್ಲ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿಯನ್ನು ತಜ್ಞರು ಕೈಬಿಟ್ಟಿದ್ದಾರೆ. ಆಮೇಲೆ ನಡಿಗೆ, ಹಗುರ ಓಟ, ಡಿಕ್ಕಿ ಇಲ್ಲದ ಅಭ್ಯಾಸ, ವೈದ್ಯರ ಒಪ್ಪಿಗೆ ಪಡೆದು ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು, ಒಂದೊಂದರ ನಡುವೆ ಕನಿಷ್ಠ 24 ಗಂಟೆ. ಮಕ್ಕಳಿಗೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ, ಮತ್ತು ಆಟಕ್ಕಿಂತ ಮೊದಲು ತರಗತಿಗೆ ಮರಳಬೇಕು.

ಮಕ್ಕಳ ಮಾತು ಬಂದದ್ದರಿಂದ ಇನ್ನೊಂದು. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಪದರ ಲಿಗಮೆಂಟಿಗಿಂತ ದುರ್ಬಲ. ದೊಡ್ಡವರಿಗೆ ಉಳುಕಾಗುವ ಪೆಟ್ಟು ಮಗುವಿಗೆ ಮುರಿತವಾಗಬಹುದು. ಮಂಡಿಚಿಪ್ಪಿನ ಕೆಳಗಿನ ಗಂಟು, ಹಿಮ್ಮಡಿಯ ಹಿಂಬದಿ ತಿಂಗಳುಗಟ್ಟಲೆ ನೋಯುತ್ತಿದ್ದರೆ ಮೈಗಳ್ಳತನ ಅಂತ ಗದರಿಸಬೇಡಿ. ಅಭ್ಯಾಸದ ಪ್ರಮಾಣ ಇಳಿಸಿ.

ಒಂದೇ ಸಲಕ್ಕೆ ಆಗದೆ ದಿನದಿನವೂ ಕೂಡಿಕೊಳ್ಳುವ ಗಾಯಗಳು ನಿಮ್ಮ ವೇಳಾಪಟ್ಟಿಯಿಂದ ಬರುವಂಥವು. ಓಟಗಾರರ ಮಂಡಿಯ ಕೆಳಗಿನ ಕಾಲಿನ ಮೂಳೆಯಲ್ಲಿ, ವೇಗದ ಬೌಲರ್‌ಗಳ ಸೊಂಟದ ಮಟ್ಟದ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಹೀಗೆ ಹುಟ್ಟುತ್ತದೆ. ಮೊದಲ ಎರಡು ಮೂರು ವಾರ ಎಕ್ಸ್‌ರೇ ಏನೂ ತೋರಿಸದಿರಬಹುದು. ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ ನೋವು, ಅದರಲ್ಲೂ ರಾತ್ರಿ ಮಲಗಿದಾಗಲೂ ನೋವಿದ್ದರೆ ಎಂಆರ್‌ಐ ಮಾಡಿಸಬೇಕು. ಹುಡುಗಿಯರಲ್ಲಿ ಮುಟ್ಟು ನಿಂತಿದೆಯೇ, ಹುಡುಗರಾಗಲಿ ಹುಡುಗಿಯರಾಗಲಿ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆಯೇ ಅಂತ ಯಾರಾದರೂ ಕೇಳಬೇಕು. ತೂಕ ಇಳಿಸು ಎಂದು ಹೇಳಿದವರೇ ಈ ಪ್ರಶ್ನೆ ಕೇಳುವುದು ಅನುಮಾನ.

ಚಿಕಿತ್ಸೆಯ ಬಗ್ಗೆ ಬಹುತೇಕ ಕಡೆ ಗೋಡೆಯ ಮೇಲೆ ಇನ್ನೂ ಬರೆದಿರುವುದು ವಿಶ್ರಾಂತಿ, ಐಸ್, ಬಿಗಿ ಕಟ್ಟು, ಎತ್ತರಕ್ಕೆ ಇಡುವುದು. ಗೇಬ್ ಮಿರ್ಕಿನ್ ಎಂಬ ಅಮೆರಿಕದ ವೈದ್ಯರು 1978ರಲ್ಲಿ ಕೊಟ್ಟ ಸೂತ್ರ ಅದು. ಐಸ್ ಮತ್ತು ಸಂಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದು ಎಂದು ಮುಂದೆ ಅವರೇ ಬರೆದರು. ಐಸ್ ನೋವಿಗೆ ಒಳ್ಳೆಯದೇ, ಬಟ್ಟೆ ಸುತ್ತಿ ಹತ್ತು-ಹದಿನೈದು ನಿಮಿಷ ಇಡಿ. ಬಿಗಿ ಕಟ್ಟು, ಎತ್ತರಕ್ಕೆ ಇಡುವುದು ಇರಲಿ. ವಿಶ್ರಾಂತಿ ಮಾತ್ರ ಒಂದೆರಡು ದಿನದ್ದು. ಆಮೇಲೆ ಹದವಾಗಿ ಭಾರ ಬೀಳಬೇಕು, ಆಗಲೇ ಹೊಸ ಎಳೆಗಳು ಗಟ್ಟಿಯಾಗುವುದು. ಮೊದಲ ಎರಡು ಮೂರು ದಿನ ಶಾಖ ಕೊಡಬಾರದು, ತಿಕ್ಕಬಾರದು. ತೊಡೆಗೆ ಜೋರಾಗಿ ಗುದ್ದು ಬಿದ್ದಾಗ ಚೆನ್ನಾಗಿ ತಿಕ್ಕಿ ಕಳಿಸುವ ಉಪಕಾರವಂತೂ ಬೇಡ. ಒಳಗೆ ಹೆಪ್ಪುಗಟ್ಟಿದ ರಕ್ತದ ಜಾಗದಲ್ಲಿ ಮೂಳೆ ಬೆಳೆಯುವುದುಂಟು.

ಮರಳುವ ದಿನವನ್ನು ಕ್ಯಾಲೆಂಡರ್ ನೋಡಿ ಹೇಳುವ ಅಭ್ಯಾಸ ನಮ್ಮವರಲ್ಲೂ ಇದೆ, ಒಪ್ಪುತ್ತೇನೆ. "ಮೂರು ವಾರ ರೆಸ್ಟ್" ಎಂದು ಚೀಟಿ ಬರೆದುಬಿಡುತ್ತೇವೆ. ತೊಡೆಯ ಹಿಂಭಾಗದ ಸ್ನಾಯು ಹರಿದವರು ಮೂರು ವಾರ ಮಲಗೆದ್ದು ಪೂರ್ಣ ವೇಗದಲ್ಲಿ ಓಡಿದರೆ ಮತ್ತೆ ಅದೇ ಜಾಗ ಹರಿಯುತ್ತದೆ. ಎರಡೂ ಕಾಲುಗಳ ಬಲ ಸಮಕ್ಕೆ ಬಂದಿದೆಯೇ, ಒಂಟಿಕಾಲಿನಲ್ಲಿ ಎಷ್ಟು ದೂರ ಜಿಗಿಯುತ್ತಾರೆ, ವೇಗದಲ್ಲಿ ದಿಕ್ಕು ಬದಲಿಸುವಾಗ ಮುಖ ಹಿಂಡುತ್ತಾರೆಯೇ, ಇದನ್ನು ನೋಡಿ ಹೇಳಬೇಕು. ಎಸಿಎಲ್ ಶಸ್ತ್ರಚಿಕಿತ್ಸೆಯಾದವರಿಗೆ ಮಾತ್ರ ಕಾಲವೂ ಲೆಕ್ಕಕ್ಕೆ ಬರುತ್ತದೆ: ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ತಡೆದಂತೆಲ್ಲ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತೆಂದು 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನ ಹೇಳುತ್ತದೆ. ಆರನೆಯ ತಿಂಗಳಿಗೆ ಫೈನಲ್ ಇದೆ ಎಂದು ಒತ್ತಾಯಿಸುವವರಿಗೆ ನಾನು ತೋರಿಸುವುದು ಇದನ್ನೇ.

ನಿಮ್ಮ ಮುಂದಿನ ಕೂಟದ ನಿಯಮಾವಳಿ ಅಚ್ಚಾಗುವ ಮೊದಲು ಇಷ್ಟು ಸೇರಿಸಿ. ಯಾವ ತಂಡಕ್ಕೂ ಸೇರದ ಒಬ್ಬರಿಗೆ ಆಟಗಾರರನ್ನು ಹೊರಗೆ ಕೂರಿಸುವ ಅಧಿಕಾರ ಇರಲಿ. ಅವರ ಮಾತನ್ನು ತರಬೇತುದಾರ, ನಾಯಕ, ಹೆತ್ತವರು ಯಾರೂ ಮೀರಕೂಡದು. ತಲೆಗೆ ಪೆಟ್ಟಾದವರ ಜಾಗಕ್ಕೆ ಬದಲಿ ಆಟಗಾರರನ್ನು ಬಿಡಿ. ಟೆಸ್ಟ್ ಕ್ರಿಕೆಟ್ಟೇ 2019ರಲ್ಲಿ ಒಪ್ಪಿಕೊಂಡ ಮೇಲೆ ನಮಗೇನು ಅಡ್ಡಿ? ಬದಲಿ ಇಲ್ಲದಿದ್ದರೆ ತಂಡ ಕಡಿಮೆಯಾಗುತ್ತದೆಂಬ ಭಯಕ್ಕೇ ಹುಡುಗರು ಲಕ್ಷಣ ಮುಚ್ಚಿಡುತ್ತಾರೆ. ವೈದ್ಯರಲ್ಲದವರಿಗೆಂದೇ ಮಾಡಿರುವ ಕನ್ಕಷನ್ ಗುರುತಿಸುವ ಹಾಳೆ ಉಚಿತವಾಗಿ ಸಿಗುತ್ತದೆ. ಕನ್ನಡಕ್ಕೆ ತಂದು ಅಂಕಪಟ್ಟಿಯ ಮೇಜಿನ ಮೇಲೆ ಇಡಿಸಿ. ಬೆಳಗ್ಗೆ ಒಂದು, ಸಂಜೆ ಒಂದು ಅಂತ ಒಂದೇ ತಂಡವನ್ನು ದಿನಕ್ಕೆ ಎರಡು ಸಲ ಆಡಿಸುವುದನ್ನು ನಿಲ್ಲಿಸಿ. ಪಂದ್ಯಕ್ಕೆ ಮೊದಲು ತಂಡಗಳು 20 ನಿಮಿಷ ಮೈ ಬಿಸಿ ಮಾಡಿಕೊಳ್ಳಲು ಜಾಗ ಕೊಡಿ. ಫುಟ್ಬಾಲಿನ 'ಫಿಫಾ 11+' ವ್ಯಾಯಾಮಗಳನ್ನು ವಾರಕ್ಕೆ ಎರಡು ಸಲವಾದರೂ ನಿಷ್ಠೆಯಿಂದ ಮಾಡಿದ ತಂಡಗಳಲ್ಲಿ ಗಾಯಗಳು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದದ್ದಿದೆ. ಮೈಕ್ ಹಿಡಿದವರಿಗೂ ಒಂದು ಮಾತು ಹೇಳಿಡಿ: ಕುಂಟುತ್ತಾ ಆಡುವವರನ್ನು ವೀರ, ಶೂರ ಅಂತ ಹೊಗಳುವುದು ಬೇಡ, ಅದನ್ನು ಕೇಳಿ ಮುಂದಿನ ಪಂದ್ಯದಲ್ಲಿ ಇನ್ನೊಬ್ಬರು ನೋವು ಮುಚ್ಚಿಡುತ್ತಾರೆ.

ಮೇಲೆ ಹೇಳಿದ ನಾಲ್ಕು ಹೆಜ್ಜೆ, ಮೀನಖಂಡ ಹಿಂಡುವುದು, ಐದು ಪ್ರಶ್ನೆ, ಇವನ್ನು ನಿಮ್ಮ ಸ್ವಯಂಸೇವಕರಿಗೆ ಕಲಿಸಲು ಒಂದು ಮಧ್ಯಾಹ್ನ ಸಾಕು. ಕರೆದರೆ ಬರುತ್ತೇನೆ. ನಮ್ಮ ವೃತ್ತಿಯವರು ಬಹಳ ಜನ ಬರುತ್ತಾರೆ, ಕರೆದವರು ಕಡಿಮೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್